ಪೆನ್ಸಿಲ್ ಗುರುತುಗಳು

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದಲ್ಲಿ ಮಗುಚಿಟ್ಟಿದ್ದ ಫೋನು ಟಿಣ್ ಎಂದಿತು. ಬಹಳ ಸಣ್ಣ ಸದ್ದು. ಅಡುಗೆಮನೆಯಲ್ಲಿ ಯಾರಾದರೂ ತಟ್ಟೆಯ ಮೇಲೆ ಚಮಚ ಇಟ್ಟರೆ ಇದಕ್ಕಿಂತ ಜೋರಾಗಿ ಕೇಳಿಸುತ್ತದೆ. ಆದರೂ ಅವಳು ಎದ್ದು ಕೂತಳು.

“ನೋಡು, ನಿನ್ನ ಎರಡನೇ ಗಂಡ ಕರೀತಿದ್ದಾನೆ,” ಎಂದ ಗಂಡ, ಗೋಡೆಯ ಕಡೆ ತಿರುಗಿಕೊಂಡೇ.

“ಮೂರನೇ ಕ್ಲಾಸಿನ ಟೀಚರು. ಮಗೂಗೆ ಜ್ವರ ಅಂತೆ. ಎರಡು ದಿನ ಬರೋಕಾಗಲ್ವಂತೆ.”

“ಜ್ವರ ಅವರ ಮಗೂಗೆ, ನಿದ್ದೆ ಹೋಗೋದು ನಿನಗೆ.”

“ಐದನೇ ಕ್ಲಾಸಿನೋರು ಮೊದಲೇ ರಜೆ ಹಾಕಿದ್ದಾರೆ. ನಾಳೆ ಐದು ಕ್ಲಾಸು, ಮೂರೇ ಜನ.”

“ಯಾಕೆ, ನೀನಿಲ್ವಾ?”

“ನಾನು ಲೆಕ್ಕಕ್ಕಿಲ್ಲ. ನಾನು ಹೆಡ್ಡು.”

ಗಂಡ ಹೊದಿಕೆಯೊಳಗೇ ನಕ್ಕ. ಎರಡು ನಿಮಿಷಕ್ಕೆ ಅವನ ಗೊರಕೆ ಶುರುವಾಯಿತು. ಅವಳು ಮಾತ್ರ ಕತ್ತಲಲ್ಲಿ ಬೆರಳು ಮಡಚುತ್ತ, ಯಾವ ಮಕ್ಕಳನ್ನು ಯಾವ ಮಕ್ಕಳ ಜೊತೆ ಕೂರಿಸುವುದೆಂದು ಯೋಚಿಸುತ್ತ ಮಲಗಿದಳು. ಎರಡು ತಿಂಗಳ ಹಿಂದಿನವರೆಗೆ ಇಂಥ ಸಂದೇಶಗಳನ್ನು ಕಳಿಸುತ್ತಿದ್ದವಳು ಅವಳೇ. ಕಳಿಸಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು. ಹಳೆಯ ಹೆಡ್‌ಮಾಸ್ಟರು ಆಮೇಲೆ ಎಷ್ಟು ಹೊತ್ತು ಎಚ್ಚರವಾಗಿರುತ್ತಿದ್ದರೋ, ಒಂದು ದಿನವೂ ಅವಳಿಗೆ ಹೊಳೆದಿರಲಿಲ್ಲ.

ಹತ್ತೊಂಬತ್ತು ವರ್ಷ ಅವಳು ಒಂದನೇ ತರಗತಿಯ ಟೀಚರು. ಅಳುತ್ತ ಬಂದ ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡು, ಮೂಗು ಒರೆಸಿ, ಅಕ್ಷರ ತಿದ್ದಿಸಿ ಎರಡನೇ ತರಗತಿಗೆ ದಾಟಿಸುವುದು ಅವಳ ಕೆಲಸ. ಹಳೆಯ ಹೆಡ್‌ಮಾಸ್ಟರು ನಿವೃತ್ತರಾದಾಗ ಸೀನಿಯಾರಿಟಿ ಪಟ್ಟಿಯಲ್ಲಿ ಅವಳಿಗಿಂತ ಮೇಲೆ ಇಬ್ಬರಿದ್ದರು. ಒಬ್ಬರು ಮಂಡಿನೋವು ಎಂದರು, ಇನ್ನೊಬ್ಬರು ರಕ್ತದೊತ್ತಡ ಎಂದರು. ಅವಳಿಗೆ ಆ ಗಳಿಗೆಯಲ್ಲಿ ಯಾವ ಕಾಯಿಲೆಯೂ ನೆನಪಾಗಲಿಲ್ಲ. ಹಾಗೆ ಅವಳು ಹೆಡ್ ಆದಳು.

ಹೆಡ್ ರೂಮಿಗೂ ಒಂದನೇ ತರಗತಿಗೂ ನಡುವೆ ಇದ್ದದ್ದು ಹನ್ನೆರಡು ಹೆಜ್ಜೆ. ಆದರೆ ಆ ಹನ್ನೆರಡು ಹೆಜ್ಜೆ ದಾಟಲು ಅವಳಿಗೆ ಪುರಸೊತ್ತು ಸಿಗುತ್ತಿರಲಿಲ್ಲ. ಮೇಜಿನ ಮೇಲೆ ಮೂವತ್ತೆರಡು ಬೀಗದ ಕೈಗಳ ಗೊಂಚಲು; ಅದರಲ್ಲಿ ಒಂಬತ್ತು ಯಾವ ಬೀಗಕ್ಕೂ ಹೊಂದುತ್ತಿರಲಿಲ್ಲ, ಆದರೂ ಎಲ್ಲದಕ್ಕೂ ಸಹಿ ಹಾಕಿ ವಹಿಸಿಕೊಂಡಿದ್ದಳು. ಮೊದಲ ವಾರ ಒಂದನೇ ತರಗತಿಯ ಮಕ್ಕಳು ಬಾಗಿಲಲ್ಲಿ ಇಣುಕಿ, “ಟೀಚರ್, ಕಥೆ ಹೇಳೋಕೆ ಬರಲ್ವಾ?” ಎಂದು ಕೇಳುತ್ತಿದ್ದವು. “ನಾಳೆ ಬರ್ತೀನಿ ಕಣ್ರೋ,” ಎನ್ನುತ್ತಿದ್ದಳು. ಮೂರನೇ ವಾರಕ್ಕೆ ಇಣುಕುವುದು ನಿಂತಿತು. ಮಕ್ಕಳಿಗೆ ನಾಳೆ ಎಂದರೆ ನಾಳೆಯೇ.

ಅವಳ ತರಗತಿಗೆ ಈಗ ಬಂದವಳು ಹೊಸ ಮೇಡಂ. ಇಪ್ಪತ್ತನಾಲ್ಕು ವರ್ಷದ ಹುಡುಗಿ, ವರ್ಷದ ಗುತ್ತಿಗೆಯ ಮೇಲೆ ಸೇರಿದವಳು. ಯಾರು ಏನು ಹೇಳಿದರೂ “ಸರಿ ಮೇಡಂ” ಎನ್ನುವವಳು. ಅಧಿಕಾರ ವಹಿಸಿಕೊಂಡ ದಿನ ಅವಳು ಹೊಸ ಮೇಡಂಗೆ ಹಾಜರಿ ಪುಸ್ತಕ, ಸೀಮೆಸುಣ್ಣದ ಡಬ್ಬಿ, ಕಪಾಟಿನ ಕೀಲಿ ಎಲ್ಲವನ್ನೂ ಕೊಟ್ಟಳು. ಕೊಡದೆ ಬಿಟ್ಟದ್ದು ಒಂದೇ.

ಅದು ಪೆನ್ಸಿಲ್ ಗುರುತುಗಳ ಅರ್ಥ. ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ಅವಳು ಪೆನ್ಸಿಲಿನಿಂದ ಸಣ್ಣ ಗುರುತುಗಳನ್ನು ಹಾಕುತ್ತಿದ್ದಳು. ಒಂದು ಚುಕ್ಕೆ ಇದ್ದರೆ ಆ ಮಗು ಬೆಳಿಗ್ಗೆ ಏನೂ ತಿನ್ನದೆ ಬರುತ್ತದೆ, ಚೀಲದಲ್ಲಿರುವ ಬಿಸ್ಕತ್ತು ಕೊಡಬೇಕು. ಎರಡು ಚುಕ್ಕೆ ಇದ್ದರೆ ಬಚ್ಚಲಿಗೆ ಹೋಗಬೇಕೆಂದು ಬಾಯಿಬಿಟ್ಟು ಕೇಳುವುದಿಲ್ಲ, ನಾವೇ ಕಳಿಸಬೇಕು. ಗೆರೆ ಎಂದರೆ ಎಡಗಿವಿ ಮಂದ, ಮುಂದೆ ಕೂರಿಸಬೇಕು. ಹತ್ತೊಂಬತ್ತು ವರ್ಷದಲ್ಲಿ ಅವಳು ಈ ಭಾಷೆಯನ್ನು ಯಾರಿಗೂ ಕಲಿಸಿರಲಿಲ್ಲ. ಬಚ್ಚಿಡಬೇಕೆಂದಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ. ಈ ವರ್ಷ ಒಂದೇ ಒಂದು ಹೆಸರಿನ ಮುಂದೆ ಸುತ್ತು ಇತ್ತು, ಬಟಾಣಿಯ ಹೆಸರಿನ ಮುಂದೆ.

ಬಟಾಣಿ ಎಂದರೆ ಆರು ವರ್ಷದ ಒಂದು ಪುಟ್ಟ ದುಂಡುಮುಖದ ಹುಡುಗಿ. ತಾಯಿ ಹೊಲಿಗೆ ಕಾರ್ಖಾನೆಯಲ್ಲಿ, ಅಜ್ಜಿ ಇಸ್ತ್ರಿ ಅಂಗಡಿಯಲ್ಲಿ. ತಂದೆ ಬೇರೆ ಇದ್ದ, ಬಿಳೀ ಡೆಲಿವರಿ ವ್ಯಾನು ಓಡಿಸುತ್ತಿದ್ದ. ಹಿಂದಿನ ವರ್ಷ ಒಂದು ಸಂಜೆ ಅವನು ಶಿಶುವಿಹಾರದಿಂದ ಮಗುವನ್ನು ಕರೆದುಕೊಂಡು ಹೋದವನು ಒಂಬತ್ತು ದಿನ ಎಲ್ಲಿದ್ದಾನೆಂದೇ ಸುಳಿವಿರಲಿಲ್ಲ. ಆಮೇಲೆ ನ್ಯಾಯಾಲಯ ಮಗುವನ್ನು ತಾಯಿಗೆ ಒಪ್ಪಿಸಿತ್ತು. ಶಾಲೆಗೆ ಸೇರಿಸಿದ ದಿನ ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡಿದ್ದಳು.

“ಟೀಚರಮ್ಮಾ, ನನ್ನ ಕೈಗೆ ಬಿಟ್ಟು ಇನ್ಯಾರ ಕೈಗೂ ಕೊಡಬೇಡಿ. ದೇವರೇ ಬಂದು ಕೇಳಿದ್ರೂ ಕೊಡಬೇಡಿ.”

“ಕೊಡಲ್ಲ ಅಜ್ಜಿ,” ಎಂದು ಅವಳು ಮಾತು ಕೊಟ್ಟು, ಆ ಮಾತನ್ನು ಒಂದು ಸುತ್ತಿನಲ್ಲಿ ಹಾಕಿಟ್ಟಿದ್ದಳು.

ಇನ್ನು ಅವಳು ಹೆಡ್ ಆಗಿ ಬರೆದ ಮೊದಲ ಸೂಚನೆಯ ವಿಷಯ. ಶಾಲಾ ತಪಾಸಣೆಗೆ ಅಧಿಕಾರಿ ಬರುವವರಿದ್ದರು. ಹಿಂದಿನ ವರ್ಷ ಅವರು ಹಳೆಯ ಹೆಡ್‌ಮಾಸ್ಟರ ಮುಂದೆ ರಿಜಿಸ್ಟರುಗಳನ್ನು ಎಸೆದು, “ಇದೇನ್ರೀ, ಹಾಜರಿ ಪುಸ್ತಕಾನೋ, ನೊಣ ಕೂತ ಹಾಳೆನೋ?” ಎಂದಿದ್ದರು. ಆ ಮಾತು ತನಗೂ ಬಂದೀತೆಂದು ಅವಳಿಗೆ ಎರಡು ರಾತ್ರಿ ಊಟ ಸೇರಲಿಲ್ಲ. ಮೂರನೆಯ ದಿನ ಸೂಚನೆ ಪುಸ್ತಕದಲ್ಲಿ ದುಂಡಗೆ ಬರೆದಳು: ಎಲ್ಲ ರಿಜಿಸ್ಟರುಗಳಲ್ಲಿ ಪೆನ್ಸಿಲ್ ಗುರುತು, ತಿದ್ದುಪಡಿ, ಗೀಚು ಇರಕೂಡದು; ಇದ್ದರೆ ಶುಕ್ರವಾರದೊಳಗೆ ಅಳಿಸತಕ್ಕದ್ದು. ಎಲ್ಲರೂ ಸಹಿ ಹಾಕಿದರು. ಮೊದಲ ಸಹಿ ಹೊಸ ಮೇಡಂದು.

ಹಾಗೆ ಬರೆಯುವಾಗ ತನ್ನದೇ ಗುರುತುಗಳು ಅವಳಿಗೆ ನೆನಪಾಗಲಿಲ್ಲ. ಆ ಹೊತ್ತಿಗೆ ಅವಳು ಯೋಚಿಸುತ್ತಿದ್ದದ್ದು ಹಾಳೆಗಳ ಬಗ್ಗೆ, ಮಕ್ಕಳ ಬಗ್ಗೆ ಅಲ್ಲ.

ಇಬ್ಬರು ಟೀಚರಿಲ್ಲದ ಆ ದಿನ ಬೆಳಿಗ್ಗೆ ಒಂದನೇ ಮತ್ತು ಮೂರನೇ ತರಗತಿಗಳನ್ನು ದೊಡ್ಡ ಹಾಲ್‌ನಲ್ಲಿ ಒಟ್ಟಿಗೆ ಕೂರಿಸಿದರು. ಎಪ್ಪತ್ತೊಂದು ಮಕ್ಕಳಿಗೆ ಹೊಸ ಮೇಡಂ ಒಬ್ಬಳೇ.

“ಆಗುತ್ತಾ?” ಎಂದು ಅವಳು ಕೇಳಿದಳು.

“ಸರಿ ಮೇಡಂ,” ಎಂದಳು ಹೊಸ ಮೇಡಂ. ಹನ್ನೊಂದು ಗಂಟೆಗೆ ಅವಳ ಗಂಟಲು ಕಟ್ಟಿತ್ತು.

ಐದನೇ ತರಗತಿಗೆ ತಾನೇ ಹೋಗಬೇಕೆಂದು ಎದ್ದಾಗಲೆಲ್ಲ ಇಲಾಖೆಯ ಕಚೇರಿಯಿಂದ ಫೋನು. ಕುಡಿಯುವ ನೀರಿನ ನಲ್ಲಿಗಳು ಎಷ್ಟು, ಅದರಲ್ಲಿ ಸೋರುವುದು ಎಷ್ಟು, ನಿಂತು ಹೋದದ್ದು ಎಷ್ಟು, ಮೂರು ಗಂಟೆಯೊಳಗೆ ಬೇಕಂತೆ. ಅವಳು ಎದ್ದು ನಲ್ಲಿ ಎಣಿಸಿ ಬಂದಳು.

“ಆರು. ಎರಡು ಸೋರುತ್ತೆ,” ಎಂದಳು.

“ಹೋದ ವರ್ಷ ಏಳು ಅಂತಿದೆಯಲ್ಲಾ ಮೇಡಂ? ಒಂದು ಎಲ್ಲಿ ಹೋಯ್ತು?” ಎಂದಿತು ಆ ಕಡೆಯ ದನಿ.

“ನಾನು ತಿಂದಿಲ್ಲ.”

“ತಮಾಷೆ ಬೇಡ ಮೇಡಂ. ಇನ್ನೊಂದ್ಸಲ ಎಣಿಸಿ.”

ಮೂರು ಗಂಟೆಗೆ ಒಂದನೇ ತರಗತಿಯ ಮಕ್ಕಳನ್ನು ಬಿಡುವ ಹೊತ್ತು. ಟೀಚರು ಬಾಗಿಲ ಹೊಸ್ತಿಲ ಮೇಲೆ ನಿಂತು, ಒಂದೊಂದೇ ಮಗುವಿನ ಕೈಯನ್ನು ಬಂದವರ ಕೈಗೆ ಕೊಡುವುದು ಆ ಶಾಲೆಯ ಪದ್ಧತಿ. ಹತ್ತೊಂಬತ್ತು ವರ್ಷ ಅವಳು ಆ ಹೊಸ್ತಿಲ ಮೇಲೆ ನಿಂತಿದ್ದಳು. ಆ ದಿನ ಮೂರು ಗಂಟೆಗೆ ಅವಳು ಹಿತ್ತಲಲ್ಲಿ ಏಳನೇ ನಲ್ಲಿಯನ್ನು ಹುಡುಕುತ್ತಿದ್ದಳು.

ಮೂರೂ ಇಪ್ಪತ್ತಕ್ಕೆ ಅವಳು ಹೆಡ್ ರೂಮಿಗೆ ಮರಳುವಷ್ಟರಲ್ಲಿ ಅಜ್ಜಿಯ ಚಪ್ಪಲಿಯ ಸದ್ದು ಕೇಳಿಸಿತು. ಅಜ್ಜಿ ಯಾವತ್ತೂ ಇಪ್ಪತ್ತು ನಿಮಿಷ ತಡ. ಅಷ್ಟು ಹೊತ್ತು ಬಟಾಣಿ ಟೀಚರ ಪಕ್ಕದ ಬೆಂಚಿನಲ್ಲಿ ಕಾಲಾಡಿಸುತ್ತ ಕೂತಿರುವುದು ವಾಡಿಕೆ. ಅವಳು ಕಿಟಕಿಯಿಂದ ಹಾಲಿನ ಕಡೆ ನೋಡಿದಳು. ಬೆಂಚು ಖಾಲಿಯಿತ್ತು. ಅಜ್ಜಿ ಗೇಟಿನಿಂದ ಒಳಗೆ ಬರುವಷ್ಟರಲ್ಲಿ ಹಿಂದಿನ ಬಾಗಿಲಿಂದ ಹಾಲಿಗೆ ಹೋದಳು. ಹೊಸ ಮೇಡಂ ಮೂರನೇ ತರಗತಿಯವರಿಗೆ ಮಗ್ಗಿ ಬರೆಸುತ್ತಿದ್ದಳು.

“ಬಟಾಣಿ ಎಲ್ಲಿ?”

“ಅವಳ ಅಪ್ಪ ಬಂದಿದ್ರು ಮೇಡಂ. ಕರ್ಕೊಂಡು ಹೋದ್ರು. ಅವಳೇ ‘ಅಪ್ಪಾ’ ಅಂತ ಓಡಿ ಹೋಗಿ ತಬ್ಕೊಂಡ್ಳು.”

“ಹೆಸರಿನ ಮುಂದೆ ಸುತ್ತು ಇರಲಿಲ್ವಾ?”

ಹೊಸ ಮೇಡಂ ಕಣ್ಣರಳಿಸಿ ನೋಡಿದಳು. “ಪೆನ್ಸಿಲಿಂದಾ ಮೇಡಂ? ಇತ್ತು. ತುಂಬಾ ಇದ್ವು. ನೀವೇ ಅಳಿಸಿ ಅಂದ್ರಲ್ಲಾ. ಹೊಸ ರಬ್ಬರ್ ತಂದು ಒಂದೂ ಬಿಡದ ಹಾಗೆ ಅಳಿಸಿದ್ದೀನಿ.” ಆಮೇಲೆ ಅವಳ ಮುಖ ನೋಡಿ, “ಏನಾದ್ರೂ ತಪ್ಪಾಯ್ತಾ ಮೇಡಂ?” ಎಂದಳು.

“ಇಲ್ಲ,” ಎಂದು ಅವಳು ಹೇಳಿದಳು. “ಏನಿಲ್ಲ. ಮೂರೂವರೆಗೆ ಇವರನ್ನ ಬಿಟ್ಟು ನೀವು ಹೊರಡಿ. ಗಂಟಲು ನೋಡ್ಕೊಳ್ಳಿ.”

ಅಜ್ಜಿ ಅಂಗಳದ ನಡುವೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಳು. ಟೀಚರಾಗಿದ್ದಿದ್ದರೆ ಅವಳು ಆ ಮುದುಕಿಯ ಕೈ ಹಿಡಿದುಕೊಂಡು, “ಅಜ್ಜೀ, ಅನಾಹುತ ಆಗೋಯ್ತು” ಎಂದು ಅಳುತ್ತ ಬೀದಿಗೆ ಓಡುತ್ತಿದ್ದಳು. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಗಲೂ ಗೊತ್ತಿತ್ತು, ಆಮೇಲೂ ಗೊತ್ತಿತ್ತು. ಆದರೆ ಅಂಗಳ ದಾಟುವ ಆ ಹತ್ತು ಹೆಜ್ಜೆಯಲ್ಲಿ ಅವಳ ತಲೆಯೊಳಗೆ ಸೂಚನೆ ಪುಸ್ತಕ ತೆರೆಯಿತು, ಕೆಳಗೆ ತನ್ನ ಸಹಿ, ಮುದ್ರೆ. ಹೊಸ ಮೇಡಂನ ಗುತ್ತಿಗೆ ಪತ್ರ. ಅಧಿಕಾರಿ. ಪೊಲೀಸು. ಗೇಟಿನ ಮುಂದೆ ಜನ.

“ಡ್ಯಾನ್ಸ್ ಪ್ರಾಕ್ಟೀಸ್ ಇದೆ ಅಜ್ಜಿ,” ಎಂದಳು. “ನಾಲ್ಕೂ ಮುಕ್ಕಾಲಿಗೆ ಬನ್ನಿ.”

ಆ ಮಾತು ತನ್ನ ಬಾಯಿಂದಲೇ ಬಂದದ್ದೆಂದು ಅವಳಿಗೆ ಒಂದು ಕ್ಷಣ ನಂಬಿಕೆಯಾಗಲಿಲ್ಲ.

“ಅಯ್ಯೋ, ಮೊದಲೇ ಹೇಳಬಾರ್ದಾ ಟೀಚರಮ್ಮಾ? ಈ ಮಂಡಿ ಹೊತ್ಕೊಂಡು ಬಂದ್ನಲ್ಲಾ.” ಅಜ್ಜಿ ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು ನಕ್ಕಳು. “ನಮ್ಮ ಬಟಾಣಿ ಡ್ಯಾನ್ಸಾ? ಉರುಳ್ತಾಳೆ ಅನ್ನಿ. ಆಗ್ಲಿ, ಪೆಟ್ಟಿಗೆ ಇನ್ನೂ ಬಿಸಿ ಇದೆ, ನಾಲ್ಕು ಅಂಗಿ ತಿಕ್ಕಿ ಬರ್ತೀನಿ. ನೀವಿದ್ದೀರಲ್ಲ, ನನಗೇನು ಚಿಂತೆ.”

ಅಜ್ಜಿ ಹೋದಳು. ಚಪ್ಪಲಿಯ ಸದ್ದು ಗೇಟು ದಾಟುವವರೆಗೂ ಕರೆದುಬಿಡಲು ಸಮಯವಿತ್ತು. ಅವಳು ಕರೆಯಲಿಲ್ಲ.

ಆಮೇಲಿನ ಒಂದು ಗಂಟೆ ಹೇಗೆ ಹೋಯಿತೆಂದರೆ, ಹೋಗಲೇ ಇಲ್ಲ. ದಾಖಲಾತಿ ಅರ್ಜಿ ತೆಗೆದು ನೋಡಿದಳು. ತಾಯಿಯ ನಂಬರಿತ್ತು, ಅಜ್ಜಿಯ ನಂಬರಿತ್ತು. ತಂದೆಯ ನಂಬರಿನ ಜಾಗದಲ್ಲಿ ಗೆರೆ ಎಳೆದಿತ್ತು. ಆ ಗೆರೆ ಎಳೆದವಳೂ ತಾನೇ. ಪೊಲೀಸ್ ಠಾಣೆಯ ನಂಬರು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಫೋನು ಎತ್ತಿದಳು. ಡ್ಯಾನ್ಸ್ ಪ್ರಾಕ್ಟೀಸು ಎಂದು ಹೇಳಿ ಆಗಿತ್ತಲ್ಲ, ಈಗ ಏನೆಂದು ಹೇಳುವುದು? ಇಟ್ಟಳು. ಬೀದಿಯ ತಿರುವಿನವರೆಗೆ ಹೋದಳು. ಔಷಧಿ ಅಂಗಡಿ, ಸೈಕಲ್ ರಿಪೇರಿಯವನು, ಬಸ್ ನಿಲ್ದಾಣ. ಎಲ್ಲರೂ ನಮಸ್ಕಾರ ಮಾಡಿದರು. ಬಿಳೀ ಡೆಲಿವರಿ ವ್ಯಾನು ಓಡಿಸುವ ಒಬ್ಬನನ್ನು ಕಂಡಿರಾ ಎಂದು ಯಾರನ್ನಾದರೂ ಕೇಳಿದರೆ ನಾಳೆ ಅದು ಅಜ್ಜಿಯ ಕಿವಿಗೆ ಬೀಳುತ್ತದೆ. ಕೇಳದೆ ವಾಪಸು ಬಂದಳು.

ಗೇಟಿನ ಬಳಿ ಆಯಾ ಕಸಬರಿಗೆ ಹಿಡಿದು ನಿಂತಿದ್ದಳು. ಮೂವತ್ತು ವರ್ಷದಿಂದ ಶಾಲೆಯ ಗಂಟೆ ಹೊಡೆಯುತ್ತಿದ್ದುದರಿಂದ ಎಲ್ಲರಿಗೂ ಅವಳು ಗಂಟೆಯಮ್ಮ.

“ಏನ್ ಕಳ್ಕೊಂಡ್ರಿ ದೊಡ್ಡ ಮೇಡಂ? ಆಗ್ಲಿಂದ ಒಳಗೆ ಹೊರಗೆ ಓಡಾಡ್ತಿದ್ದೀರಿ.”

“ನಲ್ಲಿ. ಒಂದು ನಲ್ಲಿ ಕಮ್ಮಿ ಬರ್ತಿದೆ.”

“ಬೀದೀಲಿ ಹುಡುಕಿದ್ರೆ ಸಿಗುತ್ತಾ?” ಎಂದಳು ಗಂಟೆಯಮ್ಮ. “ನನ್ನ ಗುಡಿಸೋ ಕೆಲ್ಸ ಮುಗೀತು. ಬೀಗ ಹಾಕ್ಲಾ?”

“ನೀವು ಹೋಗಿ. ನಾನು ಹಾಕ್ಕೋತೀನಿ.”

ಗಂಟೆಯಮ್ಮ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಕಸಬರಿಗೆಯನ್ನು ಮೂಲೆಗೆ ಒರಗಿಸಿ ಹೊರಟುಹೋದಳು. ಎಲ್ಲರನ್ನೂ ತಾನೇ ಒಬ್ಬೊಬ್ಬರಾಗಿ ಕಳಿಸಿಬಿಟ್ಟೆ ಎಂದು ಅವಳಿಗೆ ಆಗ ಅನ್ನಿಸಿತು. ಇಡೀ ಶಾಲೆಯಲ್ಲಿ ಈಗ ಅವಳೊಬ್ಬಳೇ. ಒಂಬತ್ತು ದಿನ, ಎಂದು ತಲೆಯೊಳಗೆ ಯಾರೋ ಎಣಿಸುತ್ತಿದ್ದರು. ಹೋದ ಸಲ ಒಂಬತ್ತು ದಿನ. ನಾಲ್ಕೂ ಮುಕ್ಕಾಲಿಗೆ ಆ ಅಜ್ಜಿ ಬಂದಾಗ ಏನು ಹೇಳುವುದು? ಡ್ಯಾನ್ಸು ಇನ್ನೂ ಮುಗಿದಿಲ್ಲ ಎಂದೇ?

ನಾಲ್ಕೂ ಮೂವತ್ತೈದಕ್ಕೆ ಬಿಳೀ ವ್ಯಾನು ಬಂದು ಗೇಟಿನ ಮುಂದೆ ನಿಂತಿತು. ಬಟಾಣಿ ಮುಂದಿನ ಸೀಟಿನಲ್ಲಿ ಕೂತು ಎರಡೂ ಕೈಯಿಂದ ಹಾರ್ನ್ ಒತ್ತಿದಳು. ಅವಳು ಗೇಟು ತೆರೆದಳು.

ಅಪ್ಪ ಮಗುವನ್ನು ಎತ್ತಿ ಇಳಿಸಿದ. ಬಡಕಲು ಮನುಷ್ಯ, ಅಂಗಿಯ ಕಾಲರು ಸವೆದಿತ್ತು. ಮಗುವಿನ ಕಾಲಲ್ಲಿ ಹೊಸ ಕೆಂಪು ಚಪ್ಪಲಿ, ಗಲ್ಲದ ಮೇಲೆ ಐಸ್‌ಕ್ರೀಮು.

“ಇವತ್ತು ಇವಳ ಹುಟ್ಟಿದ ದಿನ ಮೇಡಂ,” ಎಂದ. “ಹೋದ ಸಲ ಮಾಡಿದ್ದು ತಪ್ಪು, ನಂಗೂ ಗೊತ್ತು. ಅದಕ್ಕೇ ಈ ಸಲ ಸಂಜೆಯೊಳಗೇ ತಂದುಬಿಟ್ಟೆ.”

“ನೀವು ಬರೋ ಹಾಗಿಲ್ಲ. ನಿಮಗೆ ಗೊತ್ತಲ್ವಾ?”

“ಗೊತ್ತು. ಆದ್ರೆ ಆ ಚಿಕ್ಕ ಮೇಡಂ ಏನೂ ಅನ್ನದೆ ಕಳ್ಸಿದ್ರು. ನೀವು ಹೇಳಿದ್ದೀರೇನೋ ಅಂದ್ಕೊಂಡೆ.” ಅವನು ದನಿ ತಗ್ಗಿಸಿದ. “ಮೂಲೇಲೇ ಗಾಡಿ ನಿಲ್ಸ್ಕೊಂಡಿದ್ದೆ. ಅತ್ತೆ ಬಂದಿದ್ದು ನೋಡ್ದೆ. ಈಗ ಬೊಬ್ಬೆ ಹಾಕ್ತಾರೆ, ಇನ್ನು ಜನ್ಮದಲ್ಲಿ ಮಗೂ ಮುಖ ನೋಡೋ ಹಾಗಿಲ್ಲ ಅಂದ್ಕೊಂಡೆ. ನೋಡಿದ್ರೆ ಅವ್ರು ನಗ್ತಾ ವಾಪಸ್ ಹೋದ್ರು. ನೀವು ಏನೋ ಹೇಳಿ ಕಳ್ಸಿದ್ರಿ ಅಲ್ವಾ ಮೇಡಂ? ನಂಗೋಸ್ಕರ?”

ಅವಳು ಬಟಾಣಿಯ ಕೈ ಹಿಡಿದುಕೊಂಡಳು.

“ನಿಮ್ಮ ಉಪಕಾರ ಮರೆಯಲ್ಲ,” ಎಂದು ಅವನು ಕೈ ಮುಗಿದ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ಪ್ರತಿ ವಾರ ಬೇಡ. ತಿಂಗಳಿಗೊಂದ್ಸಲ. ಹೀಗೇ ಒಂದು ಗಂಟೆ. ಬರ್ಲಾ?”

“ಬೇಡ,” ಎಂದಳು ಅವಳು. “ಬರಬೇಡಿ. ದಯವಿಟ್ಟು.”

ಅವನು ನಕ್ಕ. ಬೇಡ ಎನ್ನುವುದು ಹೆಡ್ ಆದವರು ಬಾಯಿಮಾತಿಗೆ ಹೇಳಲೇಬೇಕಾದದ್ದು ಎನ್ನುವ ಹಾಗೆ ತಲೆ ಆಡಿಸಿ, ಮಗುವಿನ ನೆತ್ತಿಗೆ ಮುತ್ತಿಟ್ಟು ವ್ಯಾನು ಹತ್ತಿದ. ಅವನು ಬೆದರಿಸಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಅವಳು ಬಟಾಣಿಯನ್ನು ನಲ್ಲಿಯ ಬಳಿ ಕರೆದುಕೊಂಡು ಹೋಗಿ ಗಲ್ಲ ತೊಳೆದಳು. ಕೆಂಪು ಚಪ್ಪಲಿ ಬಿಚ್ಚಿಸಿ ಚೀಲದಲ್ಲಿದ್ದ ಹಳೆಯದನ್ನು ಹಾಕಿದಳು. ಹೊಸದನ್ನು ತನ್ನ ಕಪಾಟಿನಲ್ಲಿಟ್ಟಳು.

“ನಂದು ಅದು,” ಎಂದಳು ಬಟಾಣಿ.

“ನಿಂದೇ ಪುಟ್ಟಿ. ಇಲ್ಲೇ ಇರುತ್ತೆ. ಸ್ಕೂಲಲ್ಲಿ ಹಾಕ್ಕೊಳ್ಳೋಣ.”

“ಅಜ್ಜಿಗೆ ತೋರ್ಸಲ್ವಾ?”

ಅವಳು ಉತ್ತರ ಕೊಡುವ ಮೊದಲೇ ಅಜ್ಜಿ ಗೇಟಿನೊಳಗೆ ಬಂದಳು. ಅವಳ ಬಟ್ಟೆಯಿಂದ ಇಸ್ತ್ರಿಯ ಬಿಸಿ ವಾಸನೆ ಬರುತ್ತಿತ್ತು.

“ಏನೇ ಹುಟ್ಟುಹಬ್ಬದ ಗೊಂಬೆ, ಡ್ಯಾನ್ಸ್ ಹೇಗಿತ್ತೇ?”

ಬಟಾಣಿ ಅಜ್ಜಿಯನ್ನು ನೋಡಿದಳು. ಆಮೇಲೆ ಕತ್ತೆತ್ತಿ ತನ್ನ ಟೀಚರನ್ನು ನೋಡಿದಳು. ಅಕ್ಷರ ಗೊತ್ತಾಗದಿದ್ದಾಗ ಹಲಗೆಯಿಂದ ಕಣ್ಣು ತೆಗೆದು ಟೀಚರ ತುಟಿ ನೋಡುವುದು ಆ ಮಗುವಿನ ಅಭ್ಯಾಸ. ಈಗಲೂ ಹಾಗೇ ನೋಡಿದಳು. ಆ ತುಟಿಗಳು ಅಲುಗಲಿಲ್ಲ. ಅದರಿಂದಲೇ ಮಗುವಿಗೆ ಏನೋ ಅರ್ಥವಾಯಿತು.

“ಚೆನ್ನಾಗಿತ್ತು,” ಎಂದಳು ಬಟಾಣಿ.

“ಯಾವ ಹಾಡು?”

“ಮರೆತೋಯ್ತು.”

“ನೋಡಿ, ಇಷ್ಟು ಹೊತ್ತು ಕುಣಿದು ಹಾಡು ಮರೆತೋಯ್ತಂತೆ!” ಅಜ್ಜಿ ಗಹಗಹಿಸಿ ನಕ್ಕು ಮೊಮ್ಮಗಳ ಚೀಲ ಹೆಗಲಿಗೆ ಹಾಕಿಕೊಂಡಳು. “ಬರ್ತೀವಿ ಟೀಚರಮ್ಮಾ. ನಿಮ್ಮಂಥೋರು ಇರೋದಕ್ಕೇ ನಾವು ಬದುಕಿರೋದು.”

ಅವರಿಬ್ಬರೂ ತಿರುವು ದಾಟುವವರೆಗೆ ಅವಳು ನಿಂತೇ ಇದ್ದಳು. ಬಟಾಣಿ ಒಂದು ಸಲವೂ ತಿರುಗಿ ನೋಡಲಿಲ್ಲ. ದಿನಾ ನೋಡುತ್ತಿದ್ದಳು.

ಮನೆಗೆ ಬರುವಾಗ ಬಸ್ಸಿನಲ್ಲಿ ಹೊಸ ಮೇಡಂನ ಫೋನು ಬಂತು. ದನಿ ಪೂರ್ತಿ ಬಿದ್ದುಹೋಗಿತ್ತು.

“ಮೇಡಂ, ಮನಸ್ಸಿಗೆ ಸಮಾಧಾನ ಇಲ್ಲ. ಆ ಸುತ್ತು ಏನು ಮೇಡಂ? ಚುಕ್ಕೆಗಳೆಲ್ಲ ಏನು? ಯಾವ ಹೆಸರಿಗೆ ಯಾವುದಿತ್ತು ಅಂತ ನಂಗೆ ಒಂದೂ ನೆನಪಿಲ್ಲ.”

“ನನಗೆ ನೆನಪಿದೆ. ನಾಳೆ ಕೂತು ಬರೆದುಕೊಡ್ತೀನಿ. ಬಟಾಣೀನ ಅಜ್ಜಿ ಕೈಗೆ ಮಾತ್ರ ಕೊಡಬೇಕು. ಅದೊಂದು ಈಗಲೇ ನೆನಪಿಟ್ಕೊಳ್ಳಿ.”

“ಅಯ್ಯೋ! ಹಾಗಾದ್ರೆ ಇವತ್ತು...? ಮಗು ಸರಿಯಾಗಿ ಮನೆ ಸೇರಿದ್ಯಾ ಮೇಡಂ?”

“ಸೇರಿದೆ. ಅಜ್ಜಿನೇ ಕರ್ಕೊಂಡು ಹೋದ್ರು. ಏನೂ ಆಗಿಲ್ಲ.”

“ದೇವರು ದೊಡ್ಡವನು,” ಎಂದು ಆ ಹುಡುಗಿ ಅತ್ತೇಬಿಟ್ಟಳು. ಆ ಅಳು ನಿಲ್ಲುವವರೆಗೆ ಇವಳು ಫೋನು ಕಿವಿಗೆ ಹಿಡಿದುಕೊಂಡು ಕೂತಿದ್ದಳು.

ಗಂಡ ಬಾಗಿಲು ತೆರೆದವನು ಅವಳ ಮುಖ ನೋಡಿ ಚೀಲ ಇಸಿದುಕೊಂಡ. “ಏನಾಯ್ತು? ಯಾರಾದ್ರೂ ಏನಾದ್ರೂ ಅಂದ್ರಾ?”

ಹೇಳಬಹುದಿತ್ತು. ಹೇಳಿದರೆ ಅವನು ನಾಳೆಯೇ ಅಜ್ಜಿಗೆ ಹೇಳಿಬಿಡು ಎನ್ನುತ್ತಾನೆ, ಅದು ಸರಿಯಾದ ಮಾತೇ. ಹೇಳಿದರೆ ಅಜ್ಜಿ ಮಗುವನ್ನು ಶಾಲೆ ಬಿಡಿಸಿ ಇಸ್ತ್ರಿ ಮೇಜಿನ ಕೆಳಗೆ ಕೂರಿಸಿಕೊಳ್ಳುತ್ತಾಳೆ. ಹೊಸ ಮೇಡಂಗೆ ಕೆಲಸದಿಂದ ತೆಗೆದ ಒಂದು ಸಾಲಿನ ಪತ್ರ ಹೋಗುತ್ತದೆ. ಹೇಳದಿದ್ದರೆ ಮುಂದಿನ ತಿಂಗಳು ಬಿಳೀ ವ್ಯಾನು ಬರುತ್ತದೆ, ಆ ಮನುಷ್ಯ ಕೈ ಮುಗಿಯುತ್ತಾನೆ, ಅವನು ಬಾಯಿ ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿರುತ್ತದೆ. ಎತ್ತ ತಿರುಗಿದರೂ ದಾರಿಯಿರಲಿಲ್ಲ. ಎಲ್ಲ ಕಡೆಯಿಂದಲೂ ಬಾಗಿಲು ಹಾಕಿಕೊಂಡವಳು ತಾನೇ.

“ನಲ್ಲಿ ಎಣಿಸಿ ಎಣಿಸಿ ಸಾಕಾಯ್ತು,” ಎಂದಳು.

“ಸಿಕ್ತಾ?”

“ಇಲ್ಲ.”

ಅವನು ಟೀ ಇಡಲು ಒಳಗೆ ಹೋದ. ಅವಳು ಕುರ್ಚಿಯ ಮೇಲೆ, ಚಪ್ಪಲಿಯನ್ನೂ ಬಿಚ್ಚದೆ ಕೂತಳು. ಯಾರಿಗೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು: ಅವನಿಗೂ ಇಲ್ಲ, ಅಜ್ಜಿಗೂ ಇಲ್ಲ, ಯಾವತ್ತೂ ಇಲ್ಲ. ಹಾಗೆ ಅಂದುಕೊಂಡ ಮೇಲಾದರೂ ಎದೆ ಸ್ವಲ್ಪ ಹಗುರಾದೀತೆಂದು ಕಾದಳು. ಒಳಗಿನಿಂದ ಗಂಡ ಸಕ್ಕರೆ ಎಷ್ಟು ಎಂದು ಕೂಗಿ ಕೇಳಿದ. ಇಪ್ಪತ್ತೆರಡು ವರ್ಷದಿಂದ ಗೊತ್ತಿರುವ ಲೆಕ್ಕ, ಆದರೂ ಕೇಳಿದ.